ರಿಪೋರ್ಟಲ್ಲಿ ಪಾಲಿಪ್ ಅಂತ ಬಂದ್ರೆ ಪಿತ್ತಕೋಶದಲ್ಲಿ ನಿಜಕ್ಕೂ ಏನಿರತ್ತೆ?

ಮೂರು ವರ್ಷದ ಹಿಂದೆ ಒಂದು ರಾತ್ರಿ ಹತ್ತೂವರೆಗೆ ತಿಪಟೂರಿಂದ ನಮ್ಮ ಸೋದರತ್ತೆ ಫೋನ್ ಮಾಡಿದ್ರು. ಒಂಬತ್ತಕ್ಕೆಲ್ಲಾ ದೀಪ ಆರಿಸಿ ಮಲಗೋರು ಅವ್ರು, ಆ ಹೊತ್ತಲ್ಲಿ ಫೋನ್ ಬಂತು ಅಂದ್ರೇನೇ ನಂಗೆ ಎದೆ ಧಸಕ್ ಅಂತು. "ಪುಟ್ಟಾ, ಪಿತ್ತಕೋಶದಲ್ಲಿ ಗಡ್ಡೆ ಇದ್ಯಂತೆ ಕಣೋ, ಮೊಬೈಲಲ್ಲಿ ನೋಡಿದ್ರೆ ಕ್ಯಾನ್ಸರ್ ಅಂತೆಲ್ಲಾ ಬರ್ತಿದೆ, ಆಪರೇಷನ್ ಮಾಡಿಸ್ಬೇಕೇನೋ" ಅಂದ್ರು. ಅಳ್ತಿದ್ರು. ರಿಪೋರ್ಟ್ ಫೋಟೋ ಕಳ್ಸಿ ಅತ್ತೆ ಅಂದೆ. ಅದ್ರಲ್ಲಿ ಇದ್ದಿದ್ದು ಒಂದೇ ಸಾಲು, ಗಾಲ್ ಬ್ಲಾಡರ್‌ನಲ್ಲಿ 7 ಎಂಎಂ ಪಾಲಿಪ್ ಅಂತ. ಗಡ್ಡೆ ಅನ್ನೋ ಮಾತೇ ಇಲ್ಲ, ಕ್ಯಾನ್ಸರ್ ಅನ್ನೋ ಮಾತಂತೂ ಇಲ್ವೇ ಇಲ್ಲ. ಆ ಒಂದು ಪದದಿಂದ 58 ವರ್ಷದ ಹೆಂಗಸು ಆವತ್ತು ಊಟ ಬಿಟ್ಟು ಕೂತಿದ್ರು.

ನಾನು ರೇಡಿಯಾಲಜಿಸ್ಟ್, ಅಂದ್ರೆ ಸ್ಕ್ಯಾನಿಂಗ್ ಡಾಕ್ಟ್ರು, ಬೆಳಗ್ಗೆಯಿಂದ ಸಂಜೆವರೆಗೆ ಕತ್ತಲೆ ರೂಮಲ್ಲಿ ಕೂತು ಜನರ ಹೊಟ್ಟೆ ಮೇಲೆ ಪ್ರೋಬ್ (ಸ್ಕ್ಯಾನಿಂಗ್ ಮಿಷಿನ್ನಿನ ಕೈಯಲ್ಲಿ ಹಿಡಿಯೋ ಭಾಗ) ಆಡಿಸೋದೇ ನನ್ನ ಕೆಲಸ, ಇಂಥ ರಿಪೋರ್ಟ್ ನಾನೂ ದಿನಾ ಬರೀತೀನಿ. ಬರೆದು ಸಹಿ ಹಾಕಿ ಕಳಿಸಿದ್ಮೇಲೆ ಆ ಪದ ಮನೆಗೆ ಹೋಗಿ ಏನು ಮಾಡತ್ತೆ ಅಂತ ಆವತ್ತಿನವರೆಗೂ ಸರಿಯಾಗಿ ಯೋಚಿಸಿರ್ಲಿಲ್ಲ. ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ಒಂದು ಮಾತು ತಲೇಲಿಟ್ಕೊಳ್ಳಿ, ಉಳಿದಿದ್ದೆಲ್ಲಾ ಅದರ ಮೇಲೇ ನಿಂತಿದೆ. ಪಾಲಿಪ್ ಅನ್ನೋದು ಒಂದು ಆಕಾರದ ಹೆಸರು. ಗೋಡೆಗೆ ಅಂಟಿಕೊಂಡು ಒಳಗಡೆಗೆ ಚಾಚಿರೋ ಯಾವ ಉಬ್ಬಿಗಾದ್ರೂ ನಾವು ಪಾಲಿಪ್ ಅಂತೀವಿ. ಗುಡ್ಡ ಅಂತೀವಲ್ಲ, ಹಂಗೆ. ದೂರದಿಂದ ನೋಡಿ ಗುಡ್ಡ ಅಂದಾಗ ಒಳಗೆ ಬಂಡೆ ಇದ್ಯೋ ಮಣ್ಣಿದ್ಯೋ ಮರಳಿದ್ಯೋ ಏನೂ ಹೇಳಿದ ಹಾಗಾಗ್ಲಿಲ್ಲ. ಪಿತ್ತಕೋಶದ ಪಾಲಿಪ್ ಒಳಗೆ ಕೊಬ್ಬು ತುಂಬಿರಬಹುದು, ಗೋಡೆಯ ಸ್ನಾಯುವೇ ದಪ್ಪ ಆಗಿರಬಹುದು, ಹಳೇ ಊತದ ಗುರುತಾಗಿರಬಹುದು, ತುಂಬಾ ಅಪರೂಪಕ್ಕೆ ನಿಜವಾದ ಬೆಳವಣಿಗೆ ಇರಬಹುದು. ಇವುಗಳಲ್ಲಿ ಯಾವುದು ಅಂತ ಹೊರಗಿಂದಲೇ, ಚರ್ಮ ಮುಟ್ಟಿ ಮಾತ್ರ, ಹೆಂಗೆ ಪತ್ತೆ ಮಾಡ್ತೀವಿ ಅನ್ನೋದೇ ಇಲ್ಲಿ ಹೇಳೋ ವಿಷಯ.

ಜಠರ, ದೊಡ್ಡ ಕರುಳಲ್ಲಿ ಪಾಲಿಪ್ ಇದ್ರೆ ಎಂಡೋಸ್ಕೋಪಿ ಟ್ಯೂಬ್ ಹಾಕಿ ಚೂರು ಕಿತ್ತು ಬಯಾಪ್ಸಿಗೆ ಕಳಿಸ್ತಾರೆ, ಮೈಕ್ರೋಸ್ಕೋಪಲ್ಲಿ ನೋಡಿ ಇದು ಇಂಥದ್ದು ಅಂತ ಹೇಳಿಬಿಡ್ತಾರೆ, ಮುಗೀತು. ಪಿತ್ತಕೋಶಕ್ಕೆ ಆ ಭಾಗ್ಯ ಇಲ್ಲ. ಒಳಗೆ ಹೋಗೋಕೆ ಸಲೀಸಾದ ದಾರಿ ಇಲ್ಲ, ಹೊರಗಿಂದ ಸೂಜಿ ಚುಚ್ಚಿದ್ರೆ ಪಿತ್ತ ಹೊಟ್ಟೆಯೊಳಗೆ ಸೋರೋ ಅಪಾಯ ಬೇರೆ. ಹಾಗಾಗಿ ಮಾಮೂಲಿ ಪಾಲಿಪ್‌ಗೆ ಬಯಾಪ್ಸಿ ಅನ್ನೋದೇ ಇಲ್ಲ, ಒಂದೋ ಚಿತ್ರ ನೋಡಿ ತೀರ್ಮಾನ ಮಾಡ್ಬೇಕು, ಇಲ್ಲಾ ಪಿತ್ತಕೋಶವನ್ನೇ ಪೂರ್ತಿ ತೆಗೆದು ಕತ್ತರಿಸಿ ನೋಡ್ಬೇಕು. ಇದರ ಮಧ್ಯೆ ಬೇರೆ ದಾರಿ ಇಲ್ಲದೇ ಇರೋದ್ರಿಂದ ಸ್ಕ್ಯಾನಿಂಗ್ ಸರಿಯಾಗಿ ಆಗೋದು ಅಷ್ಟು ಮುಖ್ಯ.

ಪಿತ್ತ ನೆತ್ತಿಗೇರಿದೆ ಅಂತ ಬೈತೀವಲ್ಲ, ಆ ಪಿತ್ತ ತಯಾರಾಗೋದು ಲಿವರಲ್ಲಿ, ದಿನಕ್ಕೆ ಅರ್ಧದಿಂದ ಒಂದು ಲೀಟರ್. ಅದನ್ನ ಸ್ವಲ್ಪ ಸ್ವಲ್ಪ ಶೇಖರಿಸಿ ಗಟ್ಟಿ ಮಾಡಿ ಇಟ್ಕೊಳ್ಳೋ ಚೀಲ ಪಿತ್ತಕೋಶ, ಲಿವರಿನ ಕೆಳಗೆ ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಸಣ್ಣ ಬದನೆಕಾಯಿ ತರ ನೇತಾಡ್ತಿರತ್ತೆ, 7ರಿಂದ 10 ಸೆಂಟಿಮೀಟರ್ ಉದ್ದ, ಒಳಗೆ ಹಿಡಿಯೋದು 30ರಿಂದ 50 ಎಂಎಲ್ ಅಷ್ಟೇ. ತುಪ್ಪ, ಎಣ್ಣೆ, ಹಾಲು, ಏನೇ ಜಿಡ್ಡಿನ ಪದಾರ್ಥ ಕರುಳಿಗೆ ಇಳೀತು ಅಂದ ತಕ್ಷಣ ಕೋಲಿಸಿಸ್ಟೋಕೈನಿನ್ ಅನ್ನೋ ಹಾರ್ಮೋನ್ ಬಿಡುಗಡೆ ಆಗಿ ಈ ಚೀಲ ಹಿಂಡಿಕೊಂಡು ಪಿತ್ತವನ್ನ ಕರುಳಿಗೆ ಸುರೀತದೆ. ತುಂಬಿದ ಚೀಲದ ಗೋಡೆ ನುಣ್ಣಗೆ, ತೆಳ್ಳಗೆ, 3 ಎಂಎಂ ಒಳಗೆ ಇರತ್ತೆ. ಹಿಂಡಿದ ಚೀಲದ ಗೋಡೆ ಸುಕ್ಕು ಸುಕ್ಕಾಗಿ ದಪ್ಪಗೆ ಕಾಣತ್ತೆ, ಆ ಸುಕ್ಕಿನಲ್ಲಿ ಎಷ್ಟೋ ಸಲ ಇಲ್ಲದ ಪಾಲಿಪ್ ಕಾಣಿಸತ್ತೆ, ಇರೋ ಪಾಲಿಪ್ ಮುಚ್ಚಿಹೋಗತ್ತೆ.

ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೇಲಿ ಬನ್ನಿ ಅಂತ ಹೇಳೋದು ಇದಕ್ಕೇ. ಜನ "ಬರೀ ಒಂದು ಲೋಟ ಕಾಫಿ ಅಷ್ಟೇ ಡಾಕ್ಟ್ರೇ" ಅಂತಾರೆ. ಹಾಲು ಹಾಕಿದ ಕಾಫಿ ಸಾಕು ಚೀಲ ಹಿಂಡೋಕೆ. ನೀರು ಕುಡೀಬಹುದು, ಬಿಪಿ ಮಾತ್ರೆ ನೀರಲ್ಲಿ ತಗೋಬಹುದು. ಶುಗರ್ ಇರೋರು ಮಾತ್ರ ಮೊದಲೇ ಫೋನ್ ಮಾಡಿ ಬೆಳಗ್ಗೆ ಮೊದಲ ಸ್ಲಾಟ್ ಕೇಳಿ, ಮಾತ್ರೆ ಇನ್ಸುಲಿನ್ ಏನು ಮಾಡ್ಬೇಕು ಅಂತ ನಿಮ್ಮ ಡಾಕ್ಟ್ರನ್ನ ಕೇಳ್ಕೊಳ್ಳಿ. ಅತ್ತೆನ್ನ ವಿಚಾರಿಸಿದ್ರೆ, ಬೇರೆ ಏನೋ ತೊಂದ್ರೆಗೆ ಡಾಕ್ಟ್ರ ಹತ್ರ ಹೋಗಿ, ಅವರು ಹಾಗೇ ಸ್ಕ್ಯಾನಿಂಗ್ ಬರ್ಕೊಟ್ಟು, ಉಪ್ಪಿಟ್ಟು ಕಾಫಿ ಆಗಿ ಎರಡು ಗಂಟೆಗೆಲ್ಲಾ ಅಲ್ಲೇ ಒಂದು ಸ್ಕ್ಯಾನಿಂಗ್ ಸೆಂಟರಲ್ಲಿ ಮಲಗಿಸಿ ನೋಡಿದಾರೆ. ಊಟ ಆಯ್ತಾ ಅಂತ ಒಬ್ರೂ ಕೇಳಿಲ್ಲ. ನಂಗೆ ನಿಜವಾಗ್ಲೂ ಬೇಜಾರಾಯ್ತು, ಯಾಕಂದ್ರೆ ಆ ಒಂದು ಪ್ರಶ್ನೆ ಕೇಳೋಕೆ ಐದು ಸೆಕೆಂಡ್ ಸಾಕಿತ್ತು.

ಈಗ ಈ ಸ್ಕ್ಯಾನಿಂಗ್, ಅಂದ್ರೆ ಅಲ್ಟ್ರಾಸೌಂಡ್, ಶಬ್ದದಿಂದ ಒಳಗಿನದನ್ನ ಹೆಂಗೆ ನೋಡತ್ತೆ ಅನ್ನೋ ವಿಷಯಕ್ಕೆ ಬರೋಣ. ಹಳ್ಳಿ ಕಡೆ ಚಿಕ್ಕವರಿದ್ದಾಗ ಬಾವಿಗೆ ಕಲ್ಲು ಹಾಕಿ ಡುಬುಕ್ ಅನ್ನೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿ ಆಳ ಹೇಳ್ತಿದ್ವಲ್ಲ, ಅಲ್ಟ್ರಾಸೌಂಡ್ ಮಾಡೋದು ಹೆಚ್ಚು ಕಡಿಮೆ ಅದನ್ನೇ. ಪ್ರೋಬ್ ಒಳಗಿನ ಹರಳುಗಳಿಗೆ ಕರೆಂಟ್ ಕೊಟ್ರೆ ಅವು ಕಂಪಿಸಿ ಶಬ್ದ ಹೊರಡಿಸ್ತವೆ, ನಮ್ಮ ಕಿವಿಗೆ ಕೇಳೋ ಮೇಲಿನ ಮಿತಿ ಸೆಕೆಂಡಿಗೆ 20 ಸಾವಿರ ಕಂಪನ, ಹೊಟ್ಟೆ ನೋಡೋ ಪ್ರೋಬ್ ಸೆಕೆಂಡಿಗೆ 20ರಿಂದ 50 ಲಕ್ಷ ಸಲ ಕಂಪಿಸತ್ತೆ. ಆ ಶಬ್ದ ದೇಹದೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಹೋಗಿ ಎಲ್ಲೆಲ್ಲಿ ಒಂದು ಅಂಗ ಮುಗಿದು ಇನ್ನೊಂದು ಶುರುವಾಗತ್ತೋ ಅಲ್ಲೆಲ್ಲಾ ಸ್ವಲ್ಪ ಪ್ರತಿಧ್ವನಿ ವಾಪಸ್ ಕಳಿಸತ್ತೆ, ಮಿಷಿನ್ ಆ ಹೊತ್ತನ್ನ ಲೆಕ್ಕ ಹಾಕಿ ಆಳ ಕಂಡುಹಿಡಿದು ಒಂದೊಂದೇ ಚುಕ್ಕೆ ಇಡ್ತಾ ಚಿತ್ರ ಬಿಡಿಸತ್ತೆ. 5 ಸೆಂಟಿಮೀಟರ್ ಆಳದಿಂದ ಪ್ರತಿಧ್ವನಿ ಹೋಗಿ ಬರೋಕೆ ಒಂದು ಸೆಕೆಂಡನ್ನ ಹತ್ತು ಲಕ್ಷ ಭಾಗ ಮಾಡಿದ್ರೆ ಅದರಲ್ಲಿ 65 ಭಾಗ ಸಾಕು. ಎಕ್ಸ್‌ರೇ ಇಲ್ಲ, ರೇಡಿಯೇಷನ್ ಇಲ್ಲ, ಎಷ್ಟು ಸಲ ಬೇಕಾದ್ರೂ ಮಾಡಬಹುದು. ಗಾಳಿ ಮಾತ್ರ ಇದರ ಶತ್ರು, ಅದಕ್ಕೇ ಚರ್ಮಕ್ಕೂ ಪ್ರೋಬಿಗೂ ಮಧ್ಯೆ ಆ ತಣ್ಣನೆ ಜೆಲ್ ಹಚ್ಚೋದು, ಅದಕ್ಕೇ ಹೊಟ್ಟೇಲಿ ಗ್ಯಾಸ್ ತುಂಬಿದ್ರೆ ಏನೂ ಸರಿಯಾಗಿ ಕಾಣದೇ ಇರೋದು.

ಈ ವಿದ್ಯೆ ಆಸ್ಪತ್ರೆಗೆ ಬಂದಿದ್ದೂ ಒಂದು ಚಂದದ ಕಥೆ. ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಅನ್ನೋ ಹೆರಿಗೆ ಡಾಕ್ಟ್ರು, ಕಾರ್ಖಾನೆಗಳಲ್ಲಿ ಲೋಹದ ಬಿರುಕು ಹುಡುಕೋಕೆ ಬಳಸ್ತಿದ್ದ ಯಂತ್ರ ತಗೊಂಡು ಹೊಟ್ಟೆ ಒಳಗಿನ ಗಡ್ಡೆ ನೋಡಬಹುದಾ ಅಂತ ಪ್ರಯತ್ನ ಮಾಡಿ 1958ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬರೆದ್ರು. ಅದಕ್ಕೂ ಮುಂಚೆ ಪಿತ್ತಕೋಶ ನೋಡ್ಬೇಕಂದ್ರೆ ಒಂದು ತರ ಬಣ್ಣದ ಔಷಧ ಕೊಟ್ಟು, ಅದು ಲಿವರಿಂದ ಪಿತ್ತಕ್ಕೆ ಇಳಿದ್ಮೇಲೆ ಎಕ್ಸ್‌ರೇ ತೆಗೀಬೇಕಿತ್ತು, 1924ರಿಂದ ಬಂದ ಪದ್ಧತಿ ಅದು. ಸಣ್ಣ ಪಾಲಿಪ್‌ಗಳು ಎಷ್ಟೋ ಜನರ ಹೊಟ್ಟೇಲಿ ಆಗ್ಲೂ ಇದ್ದೇ ಇದ್ವು, ಗೊತ್ತೇ ಆಗ್ದೆ ನೆಮ್ಮದಿಯಾಗಿ ಬದುಕಿ ಹೋದ್ರು. ಈಗ ಪ್ರತಿ ಹೆಲ್ತ್ ಚೆಕಪ್ಪಲ್ಲೂ ಹೊಟ್ಟೆ ಸ್ಕ್ಯಾನಿಂಗ್ ಸೇರಿರೋದ್ರಿಂದ 100 ಜನ ದೊಡ್ಡವರನ್ನ ನೋಡಿದ್ರೆ ನಾಲ್ಕೈದು ಜನರಲ್ಲಿ ಸಿಗತ್ತೆ.

ಪಿತ್ತ ನೀರಿನ ಹಾಗೆ, ಅದರೊಳಗೆ ಶಬ್ದ ಎಲ್ಲೂ ತಡೆಯದೆ ಸಾಗಿಬಿಡತ್ತೆ, ಹಾಗಾಗಿ ತುಂಬಿದ ಪಿತ್ತಕೋಶ ಪರದೆ ಮೇಲೆ ಕಪ್ಪಗೆ ಕಾಣತ್ತೆ. ಕಪ್ಪು ಹಿನ್ನೆಲೆ ಮೇಲೆ ಎರಡು ಎಂಎಂ ಬಿಳಿ ಚುಕ್ಕೆ ಇದ್ರೂ ಕಣ್ಣಿಗೆ ಹೊಡೆಯತ್ತೆ. ಸಣ್ಣ ಪಾಲಿಪ್ ವಿಷಯದಲ್ಲಿ ಸಾವಿರಾರು ರೂಪಾಯಿ ಸಿಟಿ ಸ್ಕ್ಯಾನಿಗಿಂತ ಈ ಅಲ್ಟ್ರಾಸೌಂಡೇ ಮೇಲು, ಸಿಟಿಯಲ್ಲಿ ಎಷ್ಟೋ ಸಣ್ಣ ಪಾಲಿಪ್ ಕಾಣೋದೇ ಇಲ್ಲ. ದುಡ್ಡು ಜಾಸ್ತಿ ಕೊಟ್ರೆ ಒಳ್ಳೆ ಟೆಸ್ಟ್ ಅನ್ನೋ ನಂಬಿಕೆ ಇದೆಯಲ್ಲ, ಇಲ್ಲಿ ಅದು ನಡಿಯಲ್ಲ.

ಚುಕ್ಕೆ ಕಂಡ ತಕ್ಷಣ ನಾನು ಮೊದಲು ಮಾಡೋ ಕೆಲಸ, "ಎಡಗಡೆ ಮಗ್ಗುಲಿಗೆ ತಿರುಗಿ ಅಮ್ಮಾ" ಅನ್ನೋದು. ಜನಕ್ಕೆ ಅನ್ಸತ್ತೆ ಯಾಕಪ್ಪಾ ಇವ್ರು ಹೊರಳಾಡಿಸ್ತಾರೆ ಅಂತ, ಆದ್ರೆ ಅರ್ಧ ಪತ್ತೆ ಅಲ್ಲೇ ಆಗೋದು. ಪಿತ್ತಕೋಶದ ಕಲ್ಲಾದ್ರೆ ಮಗ್ಗುಲು ತಿರುಗಿದ ಹಾಗೆ ಗೋಲಿ ತರ ಉರುಳಿ ಕೆಳಗಡೆ ಹೋಗಿ ಕೂರತ್ತೆ, ಅದರ ಹಿಂದೆ ಉದ್ದಕ್ಕೆ ಕಪ್ಪು ನೆರಳೂ ಬೀಳತ್ತೆ, ಯಾಕಂದ್ರೆ ಕಲ್ಲು ಶಬ್ದವನ್ನ ಆಚೆಗೆ ಹೋಗೋಕೆ ಬಿಡಲ್ಲ. ಪಾಲಿಪ್ ಮೆತ್ತಗಿರತ್ತೆ, ನೆರಳು ಬೀಳಿಸಲ್ಲ, ಗೋಡೆಗೆ ಅಂಟಿರೋದ್ರಿಂದ ಎಷ್ಟು ಹೊರಳಿದ್ರೂ ಇದ್ದಲ್ಲೇ ಇರತ್ತೆ. ಇವೆರಡರ ಮಧ್ಯೆ ಕಾಟ ಕೊಡೋದು ಸ್ಲಡ್ಜ್, ಪಿತ್ತ ಗಟ್ಟಿಯಾಗಿ ಕೆಸರಿನ ತರ ತಳದಲ್ಲಿ ಕೂತಿರತ್ತೆ, ಕೆಲವು ಸಲ ಉಂಡೆ ಕಟ್ಟಿಕೊಂಡು ಥೇಟ್ ಪಾಲಿಪ್ ತರಾನೇ ಕಾಣತ್ತೆ, ಅದೂ ನೆರಳು ಬೀಳಿಸಲ್ಲ. ಅದು ಕಲ್ಲಿನಷ್ಟು ಬೇಗ ಸರಿಯಲ್ಲ, ನಿಧಾನಕ್ಕೆ ಜಾರತ್ತೆ, ಹಾಗಾಗಿ ತಿರುಗಿಸಿ ಒಂದೆರಡು ನಿಮಿಷ ಕಾಯ್ಬೇಕು, ಬೇಕಾದ್ರೆ ಎದ್ದು ಕೂರಿಸಿ ನೋಡ್ಬೇಕು, ಅನುಮಾನ ಉಳಿದ್ರೆ ಕೆಲವು ವಾರ ಬಿಟ್ಟು ಮತ್ತೆ ಕರೀಬೇಕು. ಗೋಡೆಗೆ ಅಂಟಿ ಕೂತ ಪುಟಾಣಿ ಕಲ್ಲು ಇದ್ರಂತೂ ಎಂಥವರೂ ಮೋಸ ಹೋಗ್ತಾರೆ. ಪಾಲಿಪ್ ಅಂತ ಆಪರೇಷನ್ ಮಾಡಿ ಪಿತ್ತಕೋಶ ಕತ್ತರಿಸಿ ನೋಡಿದಾಗ ಪಾಲಿಪ್ಪೇ ಇರದೆ ಬರೀ ಕಲ್ಲು ಸಿಗೋದು, ಏನೂ ಸಿಗದೇ ಇರೋದು ಎರಡೂ ಉಂಟು.

ಇನ್ನು ಚೀಲವೇ ಕೆಲವರಿಗೆ ತುದೀಲಿ ಮಡಚಿಕೊಂಡಿರತ್ತೆ, ಹುಟ್ಟಿನಿಂದ ಬಂದಿದ್ದು, ಆ ಮಡಿಕೆಯನ್ನ ಒಂದು ಕೋನದಿಂದ ಮಾತ್ರ ನೋಡಿದ್ರೆ ಪಾಲಿಪ್ ಅನ್ಸತ್ತೆ. ಪ್ರೋಬ್ ಅಡ್ಡಡ್ಡ, ಉದ್ದುದ್ದ ಎರಡೂ ಕಡೆ ತಿರುಗಿಸಿ ನೋಡಿದ್ರೆ ಮಡಿಕೆ ಉದ್ದಕ್ಕೆ ಎಳ್ಕೊಂಡು ಗೆರೆ ಆಗತ್ತೆ, ಪಾಲಿಪ್ ಮಾತ್ರ ಎರಡೂ ಕಡೆಯಿಂದ ಗುಂಡಗೇ ಇರತ್ತೆ.

ಸರಿ, ಇದು ಪಾಲಿಪ್ಪೇ ಅಂತ ಖಾತ್ರಿ ಆಯ್ತು ಅಂದ್ಕೊಳ್ಳಿ. ಒಳಗೆ ಏನಿದೆ? ಅರ್ಧಕ್ಕಿಂತ ಎಷ್ಟೋ ಹೆಚ್ಚು ಸಲ ಅದು ಕೊಲೆಸ್ಟ್ರಾಲ್ ಪಾಲಿಪ್. ಪಿತ್ತದಲ್ಲಿರೋ ಕೊಬ್ಬನ್ನ ಗೋಡೆಯ ಕೆಲವು ಜೀವಕೋಶಗಳು ನುಂಗಿ ಉಬ್ಬಿಕೊಂಡು ಗುಂಪುಗೂಡಿ ಕೂತಿರ್ತವೆ, ಅದರ ಮೇಲೆ ತೆಳ್ಳಗೆ ಒಳಪದರ, ಅಷ್ಟೇ. ಅದರಲ್ಲಿ ಬೆಳೀತಿರೋ ಗಡ್ಡೆ ಅನ್ನೋದೇ ಇಲ್ಲ. ಇವು ಸಾಮಾನ್ಯವಾಗಿ 10 ಎಂಎಂ ಒಳಗಿರ್ತವೆ, ಒಂದೇ ಇರೋ ಬದಲು ಮೂರ್ನಾಲ್ಕು ಇರ್ತವೆ, ಬೆಳ್ಳಗೆ ಕಾಣ್ತವೆ, ಗೋಡೆಗೆ ಅಂಟಿರೋ ಕಾಂಡ ಎಷ್ಟು ಸಣ್ಣ ಅಂದ್ರೆ ಕಾಣೋದೇ ಇಲ್ಲ, ಗೋಡೆಗೆ ಒಂದು ಸಾಬೂದಾನಿ ಕಾಳು ತಾಗಿಸಿ ಇಟ್ಟ ಹಾಗಿರತ್ತೆ. ನಾವು ರಿಪೋರ್ಟಲ್ಲಿ ಬಾಲ್ ಆನ್ ದ ವಾಲ್ ಅಂತ ಬರೆದ್ರೆ ಅದು ಖುಷಿ ಪಡೋ ಮಾತು. ಬ್ಲಡ್ ಟೆಸ್ಟಲ್ಲಿ ಕೊಲೆಸ್ಟ್ರಾಲ್ ಪೂರ್ತಿ ನಾರ್ಮಲ್ ಇರೋರಲ್ಲೂ ಇವು ಬರ್ತವೆ, ಹಾಗಾಗಿ ನಂಗೆ ಯಾಕೆ ಬಂತು, ನಾನು ತುಪ್ಪಾನೇ ತಿನ್ನಲ್ವಲ್ಲ ಅಂತ ಕೊರಗ್ಬೇಡಿ.

ಎರಡನೇದು ಅಡಿನೋಮಯೋಮಟೋಸಿಸ್. ಹೆಸರು ಕೇಳಿ ಹೆದರಬೇಡಿ, ಅಡಿನೋಮ (ಒಂದು ತರದ ಗಡ್ಡೆ) ಅನ್ನೋ ಮಾತು ಅದರಲ್ಲಿದ್ರೂ ಇದು ಗಡ್ಡೆ ಅಲ್ಲ, ಗೋಡೆಯ ಸ್ನಾಯು ದಪ್ಪ ಆಗಿ, ಒಳಪದರ ಅಲ್ಲಲ್ಲಿ ಗೋಡೆಯೊಳಗೇ ಸಣ್ಣ ಗುಂಡಿಗಳಾಗಿ ಇಳಿದಿರೋದು. ಆ ಗುಂಡಿಗಳಿಗೆ ರೋಕಿಟಾನ್ಸ್ಕಿ-ಆಶಾಫ್ ಸೈನಸ್ ಅಂತಾರೆ. ಅದರೊಳಗೆ ಪಿತ್ತ ನಿಂತು ಕೊಲೆಸ್ಟ್ರಾಲ್ ಹರಳು ಕಟ್ಟತ್ತೆ, ಶಬ್ದ ಆ ಹರಳಿಗೆ ಬಡಿದು ಒಳಗೊಳಗೇ ಹಿಂದಕ್ಕೂ ಮುಂದಕ್ಕೂ ಪುಟಿದು ತಡವಾಗಿ ವಾಪಸ್ ಬರೋದ್ರಿಂದ, ಮಿಷಿನ್ ಅದನ್ನ ಇನ್ನೂ ಆಳದಲ್ಲಿದೆ ಅಂದ್ಕೊಂಡು ಚುಕ್ಕೆಯ ಹಿಂದೆ ಚೂಪಾಗ್ತಾ ಹೋಗೋ ಒಂದು ಹೊಳೆಯೋ ಬಾಲ ಬಿಡಿಸಿಬಿಡತ್ತೆ. ಧೂಮಕೇತು ಬಾಲ ಅಂತಾನೇ ಅದಕ್ಕೆ ಹೆಸರು. ಮಿಷಿನ್ ಮಾಡೋ ತಪ್ಪು ಅದು, ಆದ್ರೆ ಎಂಥ ಉಪಕಾರಿ ತಪ್ಪು ನೋಡಿ! ಆ ಬಾಲ ಕಂಡ್ರೆ ಒಳಗೆ ಹರಳಿದೆ, ಇದು ಅಡಿನೋಮಯೋಮಟೋಸಿಸ್ ಅಂತ ಹೆಚ್ಚು ಕಡಿಮೆ ತೀರ್ಮಾನ ಆದ ಹಾಗೆ, ರಕ್ತದ ಹರಿವನ್ನ ಬಣ್ಣದಲ್ಲಿ ತೋರಿಸೋ ಕಲರ್ ಡಾಪ್ಲರ್ ಹಾಕಿದ್ರೆ ಅದೇ ಜಾಗದಲ್ಲಿ ಕೆಂಪು ನೀಲಿ ಬಣ್ಣ ಮಿಣುಮಿಣುಕ್ ಅಂತ ಇನ್ನೊಂದು ಸಾಕ್ಷಿ ಕೊಡತ್ತೆ. ಇದು ಹೆಚ್ಚಾಗಿ ಚೀಲದ ತುದೀಲಿ ಇರತ್ತೆ, ತುದಿ ಹೊಟ್ಟೆ ಗೋಡೆಗೆ ಹತ್ತಿರ. ಹಾಗಾಗಿ ಥೈರಾಯ್ಡ್ ನೋಡೋಕೆ ಬಳಸೋ ಜಾಸ್ತಿ ಫ್ರೀಕ್ವೆನ್ಸಿ ಪ್ರೋಬನ್ನ ಅಲ್ಲಿ ಇಟ್ರೆ ಗೋಡೆ ಪದರ ಪದರ ಬಿಡಿಸಿದ ಹಾಗೆ ಕಾಣತ್ತೆ, ಆ ಪ್ರೋಬ್ ಆಳಕ್ಕೆ ಹೋಗಲ್ಲ ಆದ್ರೆ ಹತ್ತಿರದ್ದನ್ನ ತುಂಬಾ ಸೂಕ್ಷ್ಮವಾಗಿ ತೋರಿಸತ್ತೆ. ಪ್ರೋಬ್ ಬದಲಾಯಿಸೋಕೆ ಅರ್ಧ ನಿಮಿಷ, ರೋಗಿಗೆ ಅದರಿಂದ ಎಷ್ಟೋ ತಿಂಗಳ ನೆಮ್ಮದಿ ಸಿಗತ್ತೆ.

ಊತದಿಂದ ಆಗೋ ಪಾಲಿಪ್‌ಗಳು ಕೆಲವರಲ್ಲಿ ಇರ್ತವೆ, ಹೆಚ್ಚಾಗಿ ಕಲ್ಲಿನ ಜೊತೆ. ಇವು ಮೂರೂ ಸುಳ್ಳು ಪಾಲಿಪ್, ಕ್ಯಾನ್ಸರ್ ಆಗಿ ತಿರುಗೋ ಜಾತಿ ಅಲ್ಲ. ಉಳಿಯೋದು ಅಡಿನೋಮ, ನಿಜವಾದ ಬೆಳವಣಿಗೆ, 100 ಪಾಲಿಪಲ್ಲಿ ನಾಲ್ಕೈದು ಇರಬಹುದು, ಅದೂ ಬಿನೈನೇ, ಅಂದ್ರೆ ಕ್ಯಾನ್ಸರ್ ಅಲ್ಲ, ಆದ್ರೆ ದೊಡ್ಡದಾಗ್ತಾ ಹೋದ್ರೆ ಮುಂದೆ ಕೆಡೋ ಸಾಧ್ಯತೆ ಇರೋದು ಅದಕ್ಕೆ. ನಮ್ಮ ಹುಡುಕಾಟ ಎಲ್ಲಾ ಇದಕ್ಕೋಸ್ಕರ. ಅಡಿನೋಮ ಸಾಮಾನ್ಯವಾಗಿ ಒಂಟಿಯಾಗಿರತ್ತೆ, ದೊಡ್ಡದಿರತ್ತೆ, ಕೊಲೆಸ್ಟ್ರಾಲ್ ಪಾಲಿಪ್‌ನಷ್ಟು ಬೆಳ್ಳಗಿರಲ್ಲ, ಬುಡ ಅಗಲವಾಗಿ ಇರಬಹುದು, ಡಾಪ್ಲರಲ್ಲಿ ಒಳಗೆ ರಕ್ತ ಹರಿಯೋದು ಕಾಣಬಹುದು. ಬುಡದ ಸುತ್ತ ಗೋಡೆ 4 ಎಂಎಂ ಅಥವಾ ಅದಕ್ಕಿಂತ ದಪ್ಪ ಆಗಿದ್ರೆ ನಾನು ತಕ್ಷಣ ಎಚ್ಚರ ಆಗ್ತೀನಿ, ಪಾಲಿಪ್ ಎಷ್ಟೇ ಚಿಕ್ಕದಿರ್ಲಿ.

ಆದ್ರೆ ಪ್ರಾಮಾಣಿಕವಾಗಿ ಹೇಳ್ಬೇಕು ಅಂದ್ರೆ ಬಾಲ ಇಲ್ಲದ, ಒಂಟಿ, ಏಳೆಂಟು ಎಂಎಂ ಪಾಲಿಪ್ ಒಂದನ್ನ ಪರದೆ ಮೇಲೆ ನೋಡಿ ಇದು ಕೊಲೆಸ್ಟ್ರಾಲೋ ಅಡಿನೋಮಾನೋ ಅಂತ ಯಾರೂ ನೂರಕ್ಕೆ ನೂರು ಹೇಳೋಕಾಗಲ್ಲ. ಅಲ್ಲಿ ಕೈ ಹಿಡಿಯೋದು ಅಳತೆ ಮತ್ತೆ ಕಾಲ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ, ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಸ್ಕ್ಯಾನಿಂಗ್ ಮಾಡಿಸಿದ 6 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ತೆಗೆದು ನೋಡಿದ್ರು. ಪಾಲಿಪ್ ಇದ್ದೋರಲ್ಲೂ ಇಲ್ಲದೋರಲ್ಲೂ ಮುಂದೆ ಪಿತ್ತಕೋಶದ ಕ್ಯಾನ್ಸರ್ ಬಂದ ಪ್ರಮಾಣ ಹೆಚ್ಚು ಕಡಿಮೆ ಒಂದೇ, 10 ಸಾವಿರಕ್ಕೆ ಐದು ಜನರ ಆಸುಪಾಸು. ಅಳತೆ ಪ್ರಕಾರ ಬಿಡಿಸಿ ನೋಡಿದಾಗ ಮಾತ್ರ ವ್ಯತ್ಯಾಸ ಎದ್ದು ಕಂಡಿದ್ದು, 6 ಎಂಎಂಗಿಂತ ಚಿಕ್ಕ ಪಾಲಿಪ್ ಇದ್ದ ಒಂದು ಲಕ್ಷ ಜನರನ್ನ ಒಂದು ವರ್ಷ ಗಮನಿಸಿದ್ರೆ ಒಬ್ಬರಿಗೆ ಕ್ಯಾನ್ಸರ್ ಸಿಕ್ಕ ಲೆಕ್ಕ, 10 ಎಂಎಂ ಮತ್ತು ಅದಕ್ಕಿಂತ ದೊಡ್ಡದು ಇದ್ದೋರಲ್ಲಿ ನೂರಕ್ಕೂ ಹೆಚ್ಚು. ಎಂಎಂ ಅಳೆಯೋದರಲ್ಲಿ ಯಾಕಿಷ್ಟು ತಲೆ ಕೆಡಿಸ್ಕೊಳ್ತೀವಿ ಅಂತ ಈಗ ಗೊತ್ತಾಗಿರ್ಬೇಕು.

ಅತ್ತೆನ್ನ ಆ ವಾರಾನೇ ಬೆಂಗಳೂರಿಗೆ ಕರೆಸಿಕೊಂಡೆ. ರಾತ್ರಿ ಎಂಟಕ್ಕೆ ಊಟ ಮುಗಿಸಿ ಬೆಳಗ್ಗೆ ಎಂಟಕ್ಕೆ ಖಾಲಿ ಹೊಟ್ಟೇಲಿ ಮಲಗಿದ್ರು. ಚೀಲ ಚೆನ್ನಾಗಿ ತುಂಬಿತ್ತು, ಗೋಡೆ ಎರಡು ಎಂಎಂ. ಒಂದು 6 ಎಂಎಂ ಬಿಳಿ ಗುಂಡು, ಅದರ ಪಕ್ಕದಲ್ಲೇ, ಮೊದಲ ರಿಪೋರ್ಟಲ್ಲಿ ಇಲ್ಲದಿದ್ದ ಮೂರು ಪುಟಾಣಿ ಗುಂಡುಗಳು, ಎರಡೆರಡು ಎಂಎಂ. ಎಡಕ್ಕೆ ತಿರುಗಿಸಿದೆ, ಕೂರಿಸಿದೆ, ಯಾವುದೂ ಕದಲಲಿಲ್ಲ, ನೆರಳೂ ಇಲ್ಲ, ನಾಲ್ಕೂ ಗೋಡೆಗೆ ತಾಗಿಸಿ ಇಟ್ಟ ಕಾಳಿನ ಹಾಗೆ. ನೋಡಿದ ಕೂಡ್ಲೇ ನನ್ನ ಮನಸ್ಸು ಕೊಲೆಸ್ಟ್ರಾಲ್ ಪಾಲಿಪ್ ಅಂತು. ಏಳಿದ್ದಿದ್ದು ಆರಾಯ್ತಲ್ಲ, ಕಮ್ಮಿ ಆಯ್ತಾ ಅಂತ ಅತ್ತೆ ಕೇಳಿದ್ರು. ಇಲ್ಲ, ಇಬ್ಬರು ಅಳೆದ್ರೆ, ಅಷ್ಟೇ ಯಾಕೆ ಒಬ್ಬರೇ ಎರಡು ಸಲ ಅಳೆದ್ರೂ, ಒಂದು ಎರಡು ಎಂಎಂ ಹೆಚ್ಚು ಕಮ್ಮಿ ಬರೋದು ಸಹಜ. 7 ಇದ್ದಿದ್ದು 8 ಆಯ್ತು ಅಂತ ನಿದ್ದೆ ಕೆಡಿಸ್ಕೊಂಡೋರು ಇದನ್ನ ಎರಡು ಸಲ ಓದಿ.

ಮುಂದೇನು ಅನ್ನೋದರಲ್ಲೇ ತೊಡಕಿರೋದು. 2022ರಲ್ಲಿ ಎರಡು ದೊಡ್ಡ ಮಾರ್ಗಸೂಚಿ ಬಂದ್ವು, ಎರಡೂ ಒಂದೇ ಮಾತು ಹೇಳಲ್ಲ. ಯುರೋಪಿನ ನಾಲ್ಕು ವೈದ್ಯ ಸಂಘಗಳು ಸೇರಿ ಮಾಡಿದ್ದರಲ್ಲಿ, 10 ಎಂಎಂ ಆದ್ರೆ ತೆಗೆಸಿ, 6ರಿಂದ 9 ಇದ್ದು ಜೊತೆಗೆ ವಯಸ್ಸು 60 ದಾಟಿದ್ರೆ, ಅಥವಾ ಅಗಲ ಬುಡದ ಪಾಲಿಪ್ ಆದ್ರೆ, ಅಥವಾ ಪಿತ್ತನಾಳ ಊದಿಕೊಂಡು ಕಿರಿದಾಗೋ ಪಿಎಸ್‌ಸಿ ಅನ್ನೋ ಲಿವರ್ ಕಾಯಿಲೆ ಇದ್ರೆ, ಅಥವಾ ಏಷ್ಯಾ ಮೂಲದವರಾದ್ರೆ, ಆಪರೇಷನ್ ತಡ್ಕೊಳ್ಳೋ ಆರೋಗ್ಯ ಇದ್ದು ಅವರು ಒಪ್ಪಿದ್ರೆ ತೆಗೆಸಿ ಅಂತಾರೆ. ಇದ್ಯಾವುದೂ ಇಲ್ಲದ 6ರಿಂದ 9ಕ್ಕೆ, ಮತ್ತೆ ಇಂಥ ಕಾರಣ ಒಂದಾದ್ರೂ ಇರೋ 5 ಎಂಎಂ ಒಳಗಿನದಕ್ಕೆ 6 ತಿಂಗಳು, 1 ವರ್ಷ, 2 ವರ್ಷಕ್ಕೆ ಸ್ಕ್ಯಾನಿಂಗ್, ಕಾರಣ ಯಾವುದೂ ಇಲ್ಲದ 5 ಎಂಎಂ ಒಳಗಿನದಕ್ಕೆ ಏನೂ ಬೇಡ. ಅಮೆರಿಕದ ಅಲ್ಟ್ರಾಸೌಂಡ್ ರೇಡಿಯಾಲಜಿಸ್ಟ್‌ಗಳ ಸಂಘ ಆಕಾರಕ್ಕೆ ಹೆಚ್ಚು ತೂಕ ಕೊಡತ್ತೆ, ಗೋಡೆಗೆ ತಾಗಿಸಿಟ್ಟ ಗುಂಡಿನ ಹಾಗಿದ್ರೆ, ಇಲ್ಲಾ ತೆಳ್ಳನೆ ಕಾಂಡ ಇದ್ರೆ 9 ಎಂಎಂವರೆಗೂ ಮತ್ತೆ ನೋಡೋ ಅಗತ್ಯಾನೇ ಇಲ್ಲ, 10ರಿಂದ 14 ಇದ್ರೆ ನೋಡ್ತಾ ಇರಿ, 15ಕ್ಕೆ ಸರ್ಜನ್ ಹತ್ರ ಹೋಗಿ ಅಂತ. ಬುಡ ಅಗಲ ಇದ್ರೆ 7 ಎಂಎಂನಿಂದಲೇ ನೋಡ್ತಾ ಇರಿ ಅಂತಾರೆ, ಪಕ್ಕದ ಗೋಡೆ 4 ಎಂಎಂ ದಪ್ಪ ಇದ್ರೆ 7ಕ್ಕೇ ಸರ್ಜನ್ ನೋಡ್ಲಿ ಅಂತಾರೆ. ಬೆಳವಣಿಗೆ ವಿಷಯದಲ್ಲೂ ಇದೇ ತರ, ಯುರೋಪಿನವರು ಎರಡು ವರ್ಷದಲ್ಲಿ 2 ಎಂಎಂ ಹೆಚ್ಚಾದ್ರೆ ಮತ್ತೆ ಯೋಚಿಸಿ ಅಂದ್ರೆ, ಅಮೆರಿಕದವರು ಒಂದು ವರ್ಷದೊಳಗೆ 4 ಎಂಎಂ ಬೆಳೆದ್ರೆ ಮಾತ್ರ ವೇಗ ಅಂತಾರೆ.

ಅಂದ್ರೆ ಅತ್ತೆಯ ಅದೇ 6 ಎಂಎಂ ಗುಂಡನ್ನ ಯುರೋಪಿನ ಪುಸ್ತಕ ಹಿಡಿದೋರು ತೆಗೆಸಿ ಅನ್ನಬಹುದು, ಅಮೆರಿಕದ ಪುಸ್ತಕ ಹಿಡಿದೋರು ಮರೆತುಬಿಡಿ ಅನ್ನಬಹುದು. ಇಬ್ಬರು ಡಾಕ್ಟ್ರು ಎರಡು ತರ ಹೇಳಿದ್ರು ಅಂದಾಗ ಜನ ಯಾರೋ ಒಬ್ಬರು ದುಡ್ಡಿಗೆ ಹೇಳ್ತಿದಾರೆ ಅಂದ್ಕೊಂಡ್ಬಿಡ್ತಾರೆ. ಎಷ್ಟೋ ಸಲ ವಿಷಯ ಇಷ್ಟೇ ಇರತ್ತೆ.

ಈ ಏಷ್ಯಾ ಮೂಲ ಅನ್ನೋ ಮಾತು ನಮಗೆ ನೇರ ಸಂಬಂಧಪಟ್ಟಿದ್ದು. 2017ರ ಯುರೋಪಿನ ಹಳೇ ಮಾರ್ಗಸೂಚೀಲಿ ಭಾರತೀಯ ಮೂಲ ಅಂತಾನೇ ಇತ್ತು, ಆಮೇಲೆ ಅದನ್ನ ಏಷ್ಯಾ ಅಂತ ಹಿಗ್ಗಿಸಿದ್ರು. ಲಂಡನ್ನಲ್ಲೋ ಜರ್ಮನೀಲೋ ಇರೋ ನಮ್ಮ ಕನ್ನಡದವರಿಗೆ ಅಲ್ಲಿನ ಡಾಕ್ಟ್ರು 6 ಎಂಎಂಗೇ ಆಪರೇಷನ್ ಮಾತು ಎತ್ತಿದ್ರೆ ಅದಕ್ಕೆ ಕಾರಣ ಇದು. ಆದ್ರೆ ಭಾರತ ಅಂದ್ರೆ ಒಂದೇ ಅಲ್ಲ. ಪಿತ್ತಕೋಶದ ಕ್ಯಾನ್ಸರ್ ಹೆಚ್ಚಿರೋದು ಉತ್ತರ ಪ್ರದೇಶ, ಬಿಹಾರ, ಬಂಗಾಳ, ಅಸ್ಸಾಂ, ಗಂಗಾ, ಬ್ರಹ್ಮಪುತ್ರ ಬಯಲಿನ ಆ ಉದ್ದಕ್ಕೆ, ದಕ್ಷಿಣದ ನಮ್ಮ ಕಡೆ ಅದಕ್ಕಿಂತ ತುಂಬಾ ಕಮ್ಮಿ. ಅಲ್ಲೂ ಅದಕ್ಕೆ ಹೆಚ್ಚಾಗಿ ಅಂಟಿಕೊಂಡಿರೋದು ವರ್ಷಗಟ್ಟಲೆ ಇರೋ ಕಲ್ಲು ಮತ್ತು ಊತ, ಪುಟ್ಟ ಪಾಲಿಪ್ ಅಲ್ಲ. ಆರು ಎಂಎಂ ಗುಂಡಿರೋ ಮೈಸೂರು ಕಡೆಯ ಹೆಂಗಸನ್ನೂ ಗಂಗಾ ತೀರದ ಹೆಂಗಸನ್ನೂ ಒಂದೇ ಖಾನೇಲಿ ಹಾಕೋದು ನಂಗೆ ಸರಿ ಕಾಣಲ್ಲ, ಇದು ನನ್ನ ಅಭಿಪ್ರಾಯ.

ಪಾಲಿಪ್ ದೊಡ್ಡದಿದ್ದು ಗೊಂದಲ ಉಳಿದ್ರೆ ಇನ್ನೂ ಕೆಲವು ದಾರಿ ಇವೆ. ರಕ್ತನಾಳಕ್ಕೆ ಸೂಕ್ಷ್ಮ ಗುಳ್ಳೆಗಳ ದ್ರವ ಕೊಟ್ಟು ಮಾಡೋ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್, ಬಾಯಿಂದ ಇಳಿಸೋ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಎಂಆರ್‌ಐ. 5 ಎಂಎಂ ಪಾಲಿಪ್‌ಗೆ ಇವು ಯಾವುದೂ ಬೇಡ. ತೆಗೆಸಲೇಬೇಕು ಅಂತಾದ್ರೆ ಲ್ಯಾಪರೋಸ್ಕೋಪೀಲಿ ಪಿತ್ತಕೋಶ ಪೂರ್ತಿ ತೆಗೀತಾರೆ, ಪಾಲಿಪ್ ಮಾತ್ರ ಕಿತ್ತು ಚೀಲ ಬಿಡೋ ಪದ್ಧತಿ ಇಲ್ಲ, ಚೀಲ ಇಲ್ಲದೆಯೂ ಲಿವರಿಂದ ಪಿತ್ತ ನೇರವಾಗಿ ಕರುಳಿಗೆ ಹೋಗ್ತಾ ಇರತ್ತೆ.

ಕರಗಿಸೋ ಔಷಧ ಕೇಳೋರು ದಿನಾ ಸಿಗ್ತಾರೆ. ಪಾಲಿಪ್ ಕರಗಿಸತ್ತೆ ಅಂತ ಸಾಬೀತಾದ ಮಾತ್ರೆ ಇಲ್ಲ, ಬಾಳೆದಿಂಡಿನ ರಸದಿಂದಲೂ ಆಗಲ್ಲ. ಆಲಿವ್ ಎಣ್ಣೆ ನಿಂಬೆರಸ ಕುಡಿದು ಮಾರನೇ ದಿನ ಹಸಿರು ಉಂಡೆಗಳು ಬಿದ್ವು ಅಂತ ಫೋಟೋ ತೋರಿಸ್ತಾರೆ, ಆ ಉಂಡೆ ಕುಡಿದ ಎಣ್ಣೆಯೇ ಕರುಳಲ್ಲಿ ಸೋಪಿನ ತರ ಗಟ್ಟಿಯಾಗಿರೋದು, ಪಿತ್ತಕೋಶದಿಂದ ಬಂದಿದ್ದಲ್ಲ. ಇನ್ನೊಂದು, ಸಣ್ಣ ಪಾಲಿಪ್‌ನಿಂದ ನೋವು ಬರೋದು ಅಪರೂಪ. ಎದೆಯುರಿ, ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರ ಎಲ್ಲಾ ಪಾಲಿಪ್ ತಲೆಗೆ ಕಟ್ಟಿ ಪಿತ್ತಕೋಶ ತೆಗೆಸಿ, ಆಮೇಲೂ ಅದೇ ಎದೆಯುರಿ ಅಂತ ಬಂದೋರನ್ನ ನೋಡಿ ಸಂಕಟ ಆಗತ್ತೆ. ಆದ್ರೆ ಬಲ ಪಕ್ಕೆ ಕೆಳಗೆ ಗಂಟೆಗಟ್ಟಲೆ ಹಿಡಿಯೋ ನೋವು, ಜ್ವರ, ಕಣ್ಣು ಹಳದಿ ಆಗೋದು, ಕಾರಣ ಇಲ್ಲದೆ ತೂಕ ಇಳಿಯೋದು ಇವು ಇದ್ರೆ ಯಾವ ಮಾರ್ಗಸೂಚಿಯನ್ನೂ ಓದ್ತಾ ಕೂರಬೇಡಿ, ನೇರ ಡಾಕ್ಟ್ರ ಹತ್ರ ಹೋಗಿ.

ಮತ್ತೆ ಸ್ಕ್ಯಾನಿಂಗ್‌ಗೆ ಹೋಗುವಾಗ ಹಳೇ ರಿಪೋರ್ಟ್ ಮಾತ್ರ ಅಲ್ಲ, ಚಿತ್ರಗಳನ್ನೂ ತಗೊಂಡು ಹೋಗಿ, ಸಂಖ್ಯೆ ನೋಡಿದ್ರೆ ಸಾಲದು, ಹಿಂದೆ ಯಾವ ಪಾಲಿಪ್ ಅಳೆದಿದ್ರು, ಗೋಡೆ ಸೇರಿಸಿ ಅಳೆದಿದ್ರಾ ಬಿಟ್ಟಾ ಅಂತ ಚಿತ್ರದಲ್ಲೇ ಗೊತ್ತಾಗೋದು. ಸಾಧ್ಯ ಆದ್ರೆ ಅದೇ ಸೆಂಟರ್, ಅದೇ ಡಾಕ್ಟ್ರು ಇನ್ನೂ ಒಳ್ಳೇದು. ರಿಪೋರ್ಟಲ್ಲಿ ಎಷ್ಟಿವೆ, ದೊಡ್ಡದು ಎಷ್ಟು ಎಂಎಂ, ಕಾಂಡ ಇದ್ಯಾ ಬುಡ ಅಗಲ ಇದ್ಯಾ, ಪಕ್ಕದ ಗೋಡೆ ಹೆಂಗಿದೆ, ಕಲ್ಲಿದ್ಯಾ ಅನ್ನೋದು ಇಲ್ದಿದ್ರೆ ಕೇಳಿ ಬರೆಸ್ಕೊಳ್ಳಿ, ಕೇಳೋ ಹಕ್ಕು ನಿಮಗಿದೆ.

ಅತ್ತೆ ವಿಷಯ ನಾನೂ ಒಬ್ಬರು ಸರ್ಜನ್ನೂ ಕೂತು ಮಾತಾಡಿದ್ವಿ. ನಾನು ಮನೆಯವನು, ನನ್ನ ಕಣ್ಣು ಒಳ್ಳೇದನ್ನೇ ಹುಡುಕಬಹುದು ಅಂತ ಇನ್ನೊಬ್ಬ ರೇಡಿಯಾಲಜಿಸ್ಟ್ ಹತ್ರಾನೂ ಚಿತ್ರ ತೋರಿಸಿದೆ. ಎರಡೂ ಪುಸ್ತಕದ ಮಾತನ್ನ ಅತ್ತೆ ಮುಂದೆ ಇಟ್ವಿ, ಅವರು ಈಗ ಬೇಡ, ನೋಡ್ತಾ ಇರೋಣ ಅಂದ್ರು, ಮೂವರೂ ಒಪ್ಪಿದ್ವಿ. 6 ತಿಂಗಳಿಗೆ 6 ಎಂಎಂ, ವರ್ಷಕ್ಕೆ 7, ಎರಡು ವರ್ಷಕ್ಕೆ ಮತ್ತೆ 6. ಅಷ್ಟರಲ್ಲಿ ಅವರಿಗೆ 60 ಆಗಿತ್ತು. ಕೊನೇ ಸಲ ಪಕ್ಕದ ಮೂರು ಪುಟಾಣಿಗಳಲ್ಲಿ ಒಂದು ಇರಲಿಲ್ಲ, ಎಡ ಬಲ ಎಲ್ಲಾ ತಿರುಗಿಸಿ ಹುಡುಕಿದೆ, ಸಿಗಲಿಲ್ಲ. ಕೊಲೆಸ್ಟ್ರಾಲ್ ಪಾಲಿಪ್‌ನ ಕಾಂಡ ಅಷ್ಟು ಸಪೂರ ಇರೋದ್ರಿಂದ ಹಾಗೆ ಕಳಚಿ ಪಿತ್ತದ ಜೊತೆ ಹೊರಟುಹೋಗೋದು ಉಂಟು, ಮೊದಲ ದಿನದ ಅಂದಾಜಿಗೆ ಅದೂ ಒಂದು ಸಾಕ್ಷಿ ಆಯ್ತು. "ಎಲ್ಲೋ ಹೋಯ್ತೋ ಅದು?" ಅಂತ ಅತ್ತೆ ಪರದೆ ಕಡೆ ಕತ್ತು ಚಾಚಿ ಕೇಳಿದ್ರು. ಹೇಳ್ದೆ. ಜೆಲ್ ಒರೆಸಿಕೊಳ್ತಾ, ಹಾಗಾದ್ರೆ ಇನ್ನು ತಿಂಡಿ ತಿನ್ನಬಹುದಾ ಅಂದ್ರು.